ಕೆಂಪಲಕ್ಷ್ಮಮ್ಮನವರಿಗೆ ಬಿದ್ದ ಚಪ್ಪಾಳೆ

ಎರಡು ಸಾವಿರದ ಎರಡನೆಯ ಇಸವಿ ಜೂನ್ ಮೂವತ್ತನೆಯ ತಾರೀಖು, ಭಾನುವಾರ, ಅರಸೀಕೆರೆಯ ಒಂದು ಕಲ್ಯಾಣ ಮಂಟಪದಲ್ಲಿ, ಊಟಕ್ಕೆ ಎಲೆ ಹಾಕುವ ಹೊತ್ತಿಗೆ ಸರಿಯಾಗಿ, ಒಂದು ಚಪ್ಪಾಳೆ ಕಳುವಾಯಿತು. ಕಳುವು ಎಂಬ ಮಾತನ್ನು ಇಲ್ಲಿ ಯೋಚಿಸಿಯೇ ಬಳಸಲಾಗಿದೆ. ಒಬ್ಬರಿಗೆಂದು ಕೊಟ್ಟದ್ದನ್ನು, ಕೊಟ್ಟವರಿಗೂ ಪಡೆದವರಿಗೂ ತಿಳಿಯದಂತೆ ಬೇರೊಂದು ಕೆಲಸಕ್ಕೆ ಎತ್ತಿಕೊಂಡರೆ ಅದಕ್ಕೆ ಇನ್ನಾವ ಹೆಸರೂ ಇಲ್ಲ.

ಚಪ್ಪಾಳೆ ಬಿದ್ದದ್ದು ಕೆಂಪಲಕ್ಷ್ಮಮ್ಮನವರಿಗೆ. ಹಳೇಬೀಡಿನ ಹತ್ತಿರದ ಮಾದಿಹಳ್ಳಿಯ ಆರೋಗ್ಯ ಉಪಕೇಂದ್ರದಲ್ಲಿ ಅವರು ಕಿರಿಯ ಮಹಿಳಾ ಆರೋಗ್ಯ ಸಹಾಯಕಿ. ಸರ್ಕಾರದ ಕಾಗದದಲ್ಲಿ ಹುದ್ದೆಯ ಹೆಸರು ಅಷ್ಟುದ್ದ; ಸುತ್ತಿನ ಹಳ್ಳಿಗಳಲ್ಲಿ ಅವರು ಬರೀ ನರ್ಸಮ್ಮ. ಅಂದು ಅವರ ನಿವೃತ್ತಿ. ವೇದಿಕೆಯ ಮೇಲೆ ಮದುವೆಗೆ ಇಡುವ ಕೆಂಪು ಮಖಮಲ್ಲಿನ ಎತ್ತರದ ಕುರ್ಚಿಯಲ್ಲಿ ಅವರನ್ನು ಕೂರಿಸಲಾಗಿತ್ತು. ಕಾಲು ನೆಲಕ್ಕೆ ಸರಿಯಾಗಿ ಎಟಕುತ್ತಿರಲಿಲ್ಲ. ಹೆಗಲ ಮೇಲೆ ಶಾಲು, ಕೊರಳಲ್ಲಿ ಏಲಕ್ಕಿ ಹಾರ, ಮಡಿಲಲ್ಲಿ ಹಣ್ಣಿನ ಬುಟ್ಟಿ. ಎಡಗಡೆಯ ಸಾಲುಗಳಲ್ಲಿ ಬೇಲೂರು, ಅರಸೀಕೆರೆ ಎರಡೂ ತಾಲ್ಲೂಕುಗಳ ನರ್ಸಮ್ಮಂದಿರು ತಮ್ಮ ಮನೆಯ ಹೆಣ್ಣುಮಗಳ ಆರತಿಗೆ ಬಂದವರಂತೆ ಸಂಭ್ರಮದಿಂದ ಕುಳಿತಿದ್ದರು.

ಧ್ವನಿವರ್ಧಕದ ಮುಂದೆ ನಿಂತಿದ್ದವರು ಜಯದೇವಪ್ಪ. ಅವರು ಆರೋಗ್ಯ ನೌಕರರ ಒಕ್ಕೂಟದ ಪ್ರಧಾನ ಕಾರ್ಯದರ್ಶಿ. ಒಕ್ಕೂಟದಲ್ಲಿ ಇದ್ದವರೆಲ್ಲ ಗಂಡಸರು. ಹೆಂಗಸರಿಗೆ ಬೇರೆಯೇ ಒಂದು ಸಂಘವಿತ್ತು, ಮಹಿಳಾ ಆರೋಗ್ಯ ಸಹಾಯಕಿಯರ ಸಂಘ. ಅದರ ಅಧ್ಯಕ್ಷೆ ಕೆಂಪಲಕ್ಷ್ಮಮ್ಮನವರೇ. ಎರಡನ್ನೂ ಒಂದು ಮಾಡಬೇಕೆಂದು ಒಕ್ಕೂಟದವರು ಮೂರು ವರ್ಷಗಳಿಂದ ಕೇಳುತ್ತಿದ್ದರು. ಸದಸ್ಯೆಯರ ಮತ ತೆಗೆದುಕೊಳ್ಳದೆ ಆಗದು ಎಂದು ಇವರು ಹೇಳುತ್ತಿದ್ದರು. ಬೀಳ್ಕೊಡುಗೆಯನ್ನು ಎರಡೂ ಸಂಘಗಳು ಸೇರಿ ದೊಡ್ಡದಾಗಿ ಮಾಡೋಣವೆಂದು ಜಯದೇವಪ್ಪನವರು ಮುಂದೆ ಬಂದಾಗ ಯಾರಿಗೂ ಅನುಮಾನ ಬರಲಿಲ್ಲ.

"ಈ ತಾಯಿ ಮೂವತ್ತಾರು ವರ್ಷ ನಮ್ಮ ಭಾಗದ ಮಕ್ಕಳನ್ನ ಕೈಯಲ್ಲಿ ಹಿಡಿದವರು," ಎಂದರು ಜಯದೇವಪ್ಪ. ಅವರ ಕಂಠ ಒಳ್ಳೆಯದು, ಸಭೆ ಮೈಮರೆಯುತ್ತದೆ. "ಇವರಿಗೆ ನಾವು ಕೊಡೋ ನಿಜವಾದ ಗೌರವ ಏನು? ಇವತ್ತಿಂದ ಅಣ್ಣ ತಂಗಿ ಬೇರೆ ಬೇರೆ ಮನೇಲಿರೋದು ಬೇಡ, ಎರಡೂ ಸಂಘ ಒಂದೇ ಕುಟುಂಬ ಆಗಲಿ ಅಂತ ಈ ತಾಯಿ ಸನ್ನಿಧಿಯಲ್ಲಿ ಸಂಕಲ್ಪ ಮಾಡೋಣ. ಅಕ್ಕಾವ್ರಿಗೆ ಜೋರಾಗಿ ಒಂದು ಚಪ್ಪಾಳೆ!"

ಚಪ್ಪಾಳೆ ಬಿತ್ತು. ಮಂಟಪದ ತಗಡಿನ ಸೂರು ಅದುರುವಂತೆ ಬಿತ್ತು. ಬಿಕ್ಕೋಡಿನ ಸಹಾಯಕಿ ಬೋರಮ್ಮ ಎದ್ದು ನಿಂತು ತಟ್ಟಿದರು. ಕಣ್ಣು ತುಂಬಿಕೊಂಡ ಕೆಂಪಲಕ್ಷ್ಮಮ್ಮನವರು ಹಣ್ಣಿನ ಬುಟ್ಟಿಯನ್ನು ಪಕ್ಕಕ್ಕಿಟ್ಟು, ಎದ್ದು, ಎರಡೂ ಕೈ ಜೋಡಿಸಿದರು. ಛಾಯಾಚಿತ್ರಗಾರ ಅದೇ ಕ್ಷಣವನ್ನು ಹಿಡಿದ. ಆಮೇಲೆ ಊಟ.

ಸಂಘ–ಸಂಸ್ಥೆಗಳ ಒಡನಾಟವಿಲ್ಲದ ಓದುಗರಿಗೆ ಒಂದು ಮಾತು ತಿಳಿಸಬೇಕು. ನಮ್ಮ ಕಡೆಯ ಸಭೆಗಳಲ್ಲಿ ಠರಾವುಗಳು ಅಂಗೀಕಾರವಾಗುವುದು ಚಪ್ಪಾಳೆಯಿಂದ. ಯಾರೂ ಕೈಯೆತ್ತುವುದಿಲ್ಲ, ಯಾರೂ ಎಣಿಸುವುದಿಲ್ಲ. ಸದ್ದು ಬಂದರೆ ಸರ್ವಾನುಮತ. ವಾರ್ಷಿಕ ಸಭೆಯ ವಂದನಾರ್ಪಣೆಗೂ, ಸತ್ಕಾರಕ್ಕೂ, ನಿಯಮ ತಿದ್ದುಪಡಿಗೂ ಒಂದೇ ಸದ್ದು. ಈ ಸೋಮಾರಿ ಪದ್ಧತಿಯ ಬಗಲಲ್ಲಿ ಎಂಥದನ್ನು ಬೇಕಾದರೂ ದಾಟಿಸಬಹುದೆಂಬುದು ಜಯದೇವಪ್ಪನವರಿಗೆ ಗೊತ್ತಿತ್ತು. ಅಂದು ಶಾಲಿಗೆ ಬಿದ್ದ ಚಪ್ಪಾಳೆ ಒಕ್ಕೂಟದ ನಡವಳಿ ಪುಸ್ತಕದಲ್ಲಿ ವಿಲೀನಕ್ಕೆ ಬಿದ್ದದ್ದೆಂದಾಯಿತು. ಕೆಂಪಲಕ್ಷ್ಮಮ್ಮನವರ ನಮಸ್ಕಾರ ಅಧ್ಯಕ್ಷರ ಒಪ್ಪಿಗೆ ಎಂದಾಯಿತು.

ಹೆಂಗಸರ ಸಂಘ ಏಕೆ ಬೇರೆ ಇತ್ತು ಎಂಬುದನ್ನು ತಿಳಿಯಲು ಹದಿನೆಂಟು ವರ್ಷ ಹಿಂದಕ್ಕೆ ಹೋಗಬೇಕು.

ಕೆಂಪಲಕ್ಷ್ಮಮ್ಮನವರಿಗೆ ಕೆಲಸದಲ್ಲಿ ಮೊದಲಿನಿಂದ ಒಂದು ರೂಢಿ. ಹೆರಿಗೆಯ ಮನೆಗೆ ಕಾಲಿಟ್ಟೊಡನೆ ನೀರು ಕಾಯಿಸಲು ಹೇಳುವರು, ಗಂಡಸರನ್ನು ಜಗುಲಿಗೆ ಅಟ್ಟುವರು, ಆಮೇಲೆ ಎರಡು ಮಣೆ ಕೇಳುವರು. ಒಂದು ತಮಗೆ. ಇನ್ನೊಂದು ಆ ಮನೆಯ ಯಾವಳಾದರೂ ಹೆಂಗಸಿಗೆ, ಅತ್ತೆಯೋ ನಾದಿನಿಯೋ ನೆರೆಯವಳೋ. "ಏನೂ ಮಾಡ್ಬೇಡಮ್ಮ, ಅವಳ ಪಕ್ಕ ಕೂತ್ಕೊ, ಅಷ್ಟೇ," ಎನ್ನುವರು. ನೋವು ತಿನ್ನುವವಳ ಪಕ್ಕದಲ್ಲಿ ಒಬ್ಬರು ಸುಮ್ಮನೆ ಕುಳಿತರೆ ಅವಳ ಹೆದರಿಕೆ ಅರ್ಧ ಇಳಿಯುತ್ತದೆಂಬುದು ಅವರು ಕಣ್ಣಾರೆ ಕಂಡಿದ್ದ ಸತ್ಯ.

ಸಾವಿರದ ಒಂಬೈನೂರ ಎಂಬತ್ತನಾಲ್ಕರಲ್ಲಿ ಬಿಕ್ಕೋಡಿನಾಚೆಯ ಒಂದು ಹಳ್ಳಿಯಲ್ಲಿ ಬೋರಮ್ಮ ಹೆರಿಗೆ ಮಾಡಿಸಿದ್ದ ಮಗು ಮೂರನೆಯ ದಿನ ತೀರಿಕೊಂಡಿತು. ತಿಂಗಳು ತುಂಬದೆ ಹುಟ್ಟಿದ ಕೂಸು. ಯಾರ ತಪ್ಪೂ ಅಲ್ಲ. ಬೆಳಿಗ್ಗೆ ಬಾಣಂತಿಯನ್ನು ನೋಡಲು ಹೋದ ಬೋರಮ್ಮನನ್ನು ಮನೆಯವರು ಜಗುಲಿಯ ಮೇಲೆ ಕೂರಿಸಿ, "ಉತ್ತರ ಹೇಳೋಗಂಟ ಏಳಂಗಿಲ್ಲ," ಎಂದು ಸುತ್ತ ನಿಂತರು. ವಿಷಯ ತಿಳಿದ ಒಕ್ಕೂಟದ ಅಂದಿನ ಮುಖಂಡರು ಒಬ್ಬರನ್ನು ಕಳಿಸಿದರು. ಬಂದ ಮಹಾಶಯ ದೂರದಲ್ಲೇ ನಿಂತು, "ಕಾಲಿಗೆ ಬಿದ್ದು ಬಂದ್ಬಿಡಮ್ಮ, ದೊಡ್ಡದು ಮಾಡ್ಕೋಬೇಡ," ಎಂದು ಬುದ್ಧಿ ಹೇಳಿ ಅದೇ ಜೀಪಿನಲ್ಲಿ ಹಿಂತಿರುಗಿದ.

ಮಧ್ಯಾಹ್ನದ ಹೊತ್ತಿಗೆ ಕೆಂಪಲಕ್ಷ್ಮಮ್ಮನವರು ಬಂದರು. ಯಾರೊಡನೆಯೂ ಮಾತಾಡಲಿಲ್ಲ. ನೇರ ಹೋಗಿ ಬೋರಮ್ಮನ ಪಕ್ಕ ಜಗುಲಿಯ ಮೇಲೆ ಕುಳಿತರು. "ನೀನ್ಯಾರಮ್ಮ?" ಎಂದು ಒಬ್ಬ ಗದರಿದ. "ನಾನೂ ನರ್ಸಮ್ಮನೇ. ಬಾಯಾರೈತೆ, ಒಂಚೂರು ನೀರು ಕೊಡಿ," ಎಂದರು. ಯಾರೂ ಅಲ್ಲಾಡಲಿಲ್ಲ. ಇವರೂ ಅಲ್ಲಾಡಲಿಲ್ಲ. ಹೊತ್ತು ವಾಲುವಾಗ ಒಳಗಿನಿಂದ ಸತ್ತ ಮಗುವಿನ ಅಜ್ಜಿ ಎರಡು ಲೋಟ ನೀರು ತಂದು ಅವರ ಮುಂದಿಟ್ಟು, ತನ್ನ ಗಂಡುಮಕ್ಕಳ ಕಡೆ ತಿರುಗಿ, "ನಮ್ಮನೆ ನೀರು ಕುಡ್ದವ್ರೆ. ಇನ್ನು ದಾರಿ ಬಿಡ್ರಲಾ," ಎಂದಳು. ದಾರಿ ಬಿಟ್ಟರು.

ಮರುವರ್ಷ ಸಂಘ ಹುಟ್ಟಿತು. ಅದರ ಮೊದಲ ಕಟ್ಟಳೆಯೇ ಪಕ್ಕದ ಕುರ್ಚಿ. ಯಾವ ಸಹಾಯಕಿಯನ್ನು ಯಾರೇ ವಿಚಾರಣೆಗೆ ಕರೆಯಲಿ, ಪಂಚಾಯತಿಯವರಾಗಲಿ ಮೇಲಧಿಕಾರಿಗಳಾಗಲಿ, ಅವಳ ಪಕ್ಕದ ಕುರ್ಚಿಯಲ್ಲಿ ಸಂಘದ ಇನ್ನೊಬ್ಬಾಕೆ ಕುಳಿತಿರಬೇಕು. ವಾದಿಸಬೇಕಾಗಿಲ್ಲ, ಮಾತೇ ಆಡಬೇಕಾಗಿಲ್ಲ. ಕುಳಿತರಾಯಿತು. ಅಧಿಕಾರಿಗಳು ಮೊದಮೊದಲು ಮುಖ ಸಿಂಡರಿಸಿದರೂ ಆಮೇಲೆ ಎರಡು ಕುರ್ಚಿ ಹಾಕಿಸುವುದನ್ನು ತಾವೇ ರೂಢಿ ಮಾಡಿಕೊಂಡರು. ಒಕ್ಕೂಟದ ನಿಯಮವೋ ಬೇರೆ: ವಿಚಾರಣೆಗೆ ಪದಾಧಿಕಾರಿಗಳು ಮಾತ್ರ ಹಾಜರಾಗಬಹುದು. ಪದಾಧಿಕಾರಿಗಳಲ್ಲಿ ಹೆಂಗಸರಿಲ್ಲ. ವಿಲೀನವಾದರೆ ಒಬ್ಬ ಉಪಾಧ್ಯಕ್ಷೆಗೆ ಜಾಗ ಕೊಡುತ್ತೇವೆಂಬುದು ಅವರ ಔದಾರ್ಯ. ಎರಡು ತಾಲ್ಲೂಕಿಗೆ ಒಬ್ಬಳು ಉಪಾಧ್ಯಕ್ಷೆ ಎಷ್ಟು ಕುರ್ಚಿಗಳಲ್ಲಿ ಕೂತಾಳು?

ಜುಲೈ ಮೂರನೆಯ ವಾರದಲ್ಲಿ ಒಂದು ದಿನ ಬೋರಮ್ಮ ಬೇಲೂರಿನ ಬಸ್ಸಿನಿಂದ ಹಳೇಬೀಡಿಗೆ ಬಂದಿಳಿದು, ಅಲ್ಲಿಂದ ಆಟೋ ಹಿಡಿದು ಮಾದಿಹಳ್ಳಿಗೆ ಬಂದರು. ಕೆಂಪಲಕ್ಷ್ಮಮ್ಮನವರು ಅಂಗಳದಲ್ಲಿ ಹಸುವಿಗೆ ಬೂಸಾ ಕಲಸುತ್ತಿದ್ದರು.

"ಅಕ್ಕ, ನಮ್ ಸಂಘ ಸತ್ತೋಗೈತಂತೆ," ಎಂದರು ಬೋರಮ್ಮ, ಚಪ್ಪಲಿ ಬಿಡುವ ಮುನ್ನವೇ. "ನಾವೇ ಸಾಯ್ಸಿದ್ವಂತೆ. ಚಪ್ಪಾಳೆ ತಟ್ಟಿ."

ನಡೆದದ್ದು ಇಷ್ಟು. ಹಳೇಬೀಡಿನ ಆಚೆಯ ಹಳ್ಳಿಯೊಂದರಲ್ಲಿ ಭವ್ಯಾ ಎಂಬ ಹೊಸ ಹುಡುಗಿ ಸಹಾಯಕಿ. ಕೆಲಸಕ್ಕೆ ಸೇರಿ ಎರಡು ವರ್ಷವಾಗಿರಲಿಲ್ಲ. ಅವಳು ಚುಚ್ಚುಮದ್ದು ಹಾಕಿದ ಮಗುವಿನ ತೊಡೆ ಬಾತು ಕೀವಾಗಿತ್ತು. ಮನೆಯವರು ಬಿಸಿ ಸೊಪ್ಪಿನ ಕಟ್ಟು ಕಟ್ಟಿದ್ದರು. ಕಟ್ಟಬೇಡಿರೆಂದು ಭವ್ಯಾ ಮೊದಲೇ ಹೇಳಿದ್ದಳು. ದೂರು ಹೋಯಿತು, ಬೇಲೂರಿನಲ್ಲಿ ವಿಚಾರಣೆಗೆ ದಿನ ಗೊತ್ತಾಯಿತು. ಕೆಂಪಲಕ್ಷ್ಮಮ್ಮನವರ ನಂತರ ಸಂಘದ ಹೊಣೆ ಹೊತ್ತಿದ್ದ ಬೋರಮ್ಮ ಪಕ್ಕದ ಕುರ್ಚಿಗೆಂದು ಹೋದರು. ಬಾಗಿಲಲ್ಲಿ ಜಯದೇವಪ್ಪ ತಡೆದರು. "ಯಾವ ಸಂಘ ಬೋರಮ್ಮ? ಜೂನ್ ಮೂವತ್ತಕ್ಕೇ ವಿಲೀನ ಆಯ್ತಲ್ಲ. ನೀವು ಎದ್ದು ನಿಂತ್ಕೊಂಡು ತಟ್ಟಿದ್ದು ಫೋಟೋದಲ್ಲೇ ಇದೆ. ಇನ್ನು ಒಕ್ಕೂಟದ ಪರವಾಗಿ ನಾನೇ ಇರ್ತೀನಿ," ಎಂದರು.

ಇದ್ದರು ನಿಜ. ಆದರೆ ಕುಳಿತದ್ದು ಭವ್ಯಾಳ ಪಕ್ಕದಲ್ಲಲ್ಲ. ಮೇಜಿನ ಆಚೆಗೆ, ಪ್ರಶ್ನೆ ಕೇಳುವವರ ಸಾಲಿನಲ್ಲಿ.

"ಅವಳೇನಂದ್ಲು?" ಎಂದು ಕೇಳಿದರು ಕೆಂಪಲಕ್ಷ್ಮಮ್ಮ. ಬೂಸಾ ಮೆತ್ತಿದ ಕೈ ಹಾಗೆಯೇ ಇತ್ತು.

"ಏನಂದಾಳು? ಈಚೆ ಬಂದು ನನ್ನ ತೋಳು ಹಿಡ್ಕೊಂಡ್ಳು. 'ಬಾಯಿ ಒಣಗೋಯ್ತು ಸಿಸ್ಟರ್, ಏನ್ ಕೇಳಿದ್ರೂ ಹೂಂ ಅಂದ್ಬಿಟ್ಟೆ' ಅಂದ್ಲು. ತಪ್ಪಾಯ್ತು ಅಂತ ಬರೆಸ್ಕೊಂಡವ್ರೆ. ತಾಲ್ಲೂಕಿನ ಆ ಕೊನೆಗೆ ಹಾಕ್ತಾರಂತೆ."

ತೆಂಗಿನ ಗರಿ ಸೀಳುತ್ತ ಕುಳಿತಿದ್ದ ಗಂಡ ಪುಟ್ಟಸ್ವಾಮಿಯವರು ಮಾತೆಲ್ಲ ಕೇಳಿಸಿಕೊಂಡಿದ್ದರು. ಕೆಂಪಲಕ್ಷ್ಮಮ್ಮ ಕೈ ತೊಳೆದು ಒಳಗೆ ಹೋಗಿ ಸೀರೆ ಬದಲಿಸಿ ಬಂದರು. ಕಂಕುಳಲ್ಲಿ ಬೀಳ್ಕೊಡುಗೆಯ ಶಾಲಿತ್ತು.

"ಏನ್ ನರ್ಸಮ್ಮೋರೆ," ಎಂದರು ಪುಟ್ಟಸ್ವಾಮಿ. ಮದುವೆಯಾದಾಗಿನಿಂದ ಹೆಂಡತಿಯನ್ನು ಅವರು ಕರೆಯುವುದೇ ಹಾಗೆ. "ರಿಟೈರಾದ್ಮೇಲಾದ್ರೂ ಒಂದ್ಕಡೆ ಕೂತ್ಕೊತೀರಿ ಅಂದ್ಕೊಂಡಿದ್ದೆ."

"ಕೂತ್ಕೊಳೋಕೇ ಹೋಯ್ತಾ ಇದೀನಿ. ನನ್ನ ಕುರ್ಚಿ ಯಾರೋ ಎತ್ಕೊಂಡೋಗವ್ರೆ, ತಗೊಂಡ್ ಬತ್ತೀನಿ."

"ಬರ್ತಾ ಅರ್ಸೀಕೆರೆ ಪ್ಯಾಟೇಲಿ ಕೊಬ್ರಿ ರೇಟು ಕೇಳ್ಕೊಂಡ್ ಬನ್ನಿ."

ಬಸ್ಸಿನಲ್ಲಿ ಕಿಟಕಿಯ ಪಕ್ಕ ಕುಳಿತ ಕೆಂಪಲಕ್ಷ್ಮಮ್ಮನವರಿಗೆ ಮತ್ತೆ ಮತ್ತೆ ಕಣ್ಣ ಮುಂದೆ ಬರುತ್ತಿದ್ದುದು ತಮ್ಮದೇ ಜೋಡಿಸಿದ ಕೈಗಳು. ಒಬ್ಬ ಹುಡುಗಿಯನ್ನು ಒಂಟಿಯಾಗಿ ಕೂರಿಸಲು ತಮ್ಮ ನಮಸ್ಕಾರವೇ ಸಾಧನವಾಗಿತ್ತು. ಸಂಘ ಬೇಕೋ ಬೇಡವೋ ಎಂಬುದು ಆಮೇಲಿನ ಮಾತು. ತಮ್ಮ ಕೈಯನ್ನು ತಾವು ಬಿಡಿಸಿಕೊಳ್ಳಬೇಕಾಗಿತ್ತು.

ಒಕ್ಕೂಟದ ಕಚೇರಿ ಅರಸೀಕೆರೆಯಲ್ಲಿ ಒಂದು ಔಷಧಿ ಅಂಗಡಿಯ ಮಹಡಿಯ ಮೇಲೆ. ಜಯದೇವಪ್ಪನವರು ಎದ್ದು ನಿಂತು ಬರಮಾಡಿಕೊಂಡರು; ಮರ್ಯಾದೆಯಲ್ಲಿ ಅವರು ಎಂದೂ ಕಡಿಮೆ ಮಾಡಿದವರಲ್ಲ. ಗೋಡೆಯ ಮೇಲೆ, ಕಟ್ಟು ಹಾಕಿಸಿದ ಆ ಛಾಯಾಚಿತ್ರ: ಶಾಲು ಹೊದ್ದು ಕೈಮುಗಿದು ನಿಂತ ಕೆಂಪಲಕ್ಷ್ಮಮ್ಮ.

"ಬನ್ನಿ ಅಕ್ಕಾವ್ರೆ, ಕಾಫಿ ತರಿಸ್ಲಾ?"

"ಬೇಡಿ. ಈ ಶಾಲು ತಗೊಳ್ಳಿ." ಮೇಜಿನ ಮೇಲೆ ಇಟ್ಟರು. "ನನ್ನ ಚಪ್ಪಾಳೆ ವಾಪಸ್ ಕೊಡಿ."

ಜಯದೇವಪ್ಪ ನಕ್ಕರು. "ತಮಾಷೆ ಮಾಡ್ತೀರಿ."

"ಮೂವತ್ತಾರು ವರ್ಷದಲ್ಲಿ ನಾನು ತಮಾಷೆ ಮಾಡಿದ್ದು ನೀವು ನೋಡಿದೀರಾ?"

"ಅಲ್ಲ ಅಕ್ಕಾವ್ರೆ, ಕಾನೂನು ಮಾತಾಡೋದಾದ್ರೆ ಮಾತಾಡೋಣ. ನಿಮ್ಮ ಸಂಘದ ಸಭೆಯಲ್ಲಿ ಠರಾವು ಪಾಸ್ ಮಾಡೋವಾಗ ನೀವೂ ಚಪ್ಪಾಳೆ ತಟ್ಟಿಸಿಲ್ವಾ? ಪ್ರತಿ ವರ್ಷ ತಟ್ಟಿಸಿದೀರಿ."

ಆ ಮಾತು ಸುಳ್ಳಾಗಿರಲಿಲ್ಲ.

"ತಟ್ಟಿಸಿದೀನಿ," ಎಂದರು. "ಠರಾವು ಓದಿ, ಯಾರಿಗಾದ್ರೂ ಅಡ್ಡಿ ಐತಾ ಅಂತ ಕೇಳಿ ತಟ್ಟಿಸಿದೀನಿ. ಶಾಲು ಹೊದಿಸಿ ತಟ್ಟಿಸಿಲ್ಲ. ಅದೂ ತಪ್ಪೇ ಅಂತ ಇವತ್ತು ಗೊತ್ತಾಯ್ತು. ಇನ್ಮೇಲೆ ತಟ್ಟಿಸಲ್ಲ. ಸಂಘ ಮುಚ್ಚೋದಾಗ್ಲಿ ಸೇರ್ಸೋದಾಗ್ಲಿ ಗುಟ್ಟಾಗಿ ಮತ ಹಾಕಿ, ಮೂರರಲ್ಲಿ ಎರಡು ಪಾಲು ಒಪ್ಪಬೇಕು ಅಂತ ನಮ್ಮ ನಿಯಮದಲ್ಲಿ ಐತೆ. ಮತ ಹಾಕಿಸ್ತೀವಿ. ಸೇರ್ಬೇಕು ಅಂತ ಬಂದ್ರೆ ನಾನೇ ಬಂದು ಕೈಮುಗೀತೀನಿ, ಆಗ ಹೊಡ್ಸಿ ಇನ್ನೊಂದು ಫೋಟೋ."

"ನೀವು ರಿಟೈರ್ಡ್. ಸಭೆ ಕರೆಯೋಕೆ ನಿಮಗೆ ಹಕ್ಕಿಲ್ಲ."

"ನಂಗಿಲ್ಲ. ಬೋರಮ್ಮಂಗೈತೆ."

ಶಾಲನ್ನು ಮೇಜಿನ ಮೇಲೆಯೇ ಬಿಟ್ಟು ಮೆಟ್ಟಿಲಿಳಿದರು. ಕೊಬ್ಬರಿಯ ಧಾರಣೆ ಕೇಳುವುದನ್ನು ಮರೆತರು. ಈ ಸಂಗತಿಯನ್ನು ಪುಟ್ಟಸ್ವಾಮಿಯವರು ಇಂದಿಗೂ ಎತ್ತಿ ಆಡುವುದುಂಟು.

ನಿಯಮದಂತೆ ಹದಿನೈದು ದಿನ ಮುಂಚಿತವಾಗಿ ಎಲ್ಲ ಸದಸ್ಯೆಯರಿಗೂ ಬರವಣಿಗೆಯಲ್ಲಿ ತಿಳಿವಳಿಕೆ ಹೋಯಿತು. ಒಕ್ಕೂಟಕ್ಕೂ ಒಂದು ಪ್ರತಿ ಹೋಯಿತು. ಆಗಸ್ಟ್ ಇಪ್ಪತ್ತೈದನೆಯ ತಾರೀಖು ಭಾನುವಾರ ಸಭೆ. ಅರಸೀಕೆರೆಯಲ್ಲಿ ಕೇಳಿದ ಎರಡು ಮಂಟಪಗಳೂ ಏಕೋ ಏನೋ ಅಂದು ಖಾಲಿ ಇರಲಿಲ್ಲ. "ಮಂಟಪ ಯಾಕೆ, ನಮ್ ಕೊಬ್ರಿ ಅಟ್ಟದ ಕೆಳಗೆ ಮಾಡ್ಕಳಿ," ಎಂದರು ಪುಟ್ಟಸ್ವಾಮಿ. ಮೇಲೆ ಬಲಿತ ಕಾಯಿಗಳು ತಿಂಗಳುಗಟ್ಟಲೆ ಒಣಗುತ್ತ ಬಿದ್ದಿರುವ ಅಟ್ಟ. ಕೆಳಗೆ ಸಗಣಿ ಸಾರಿಸಿದ ನೆಲ, ಬೇಕಾದಷ್ಟು ನೆರಳು.

ಮತ ಹಾಕುವುದು ಹೇಗೆಂಬುದರ ಮೇಲೆ ಚರ್ಚೆಯಾಯಿತು. ಕಾಗದದ ಚೀಟಿ ಎಂದೊಡನೆ ಹುಡುಗಿಯರು ಹಿಂಜರಿದರು. ತಿಂಗಳ ವರದಿಗಳನ್ನು ನೋಡಿ ನೋಡಿ ಪ್ರತಿಯೊಬ್ಬರ ಬರಹವೂ ಒಕ್ಕೂಟದವರಿಗೆ ಪರಿಚಿತ. ಬರೀ ಗುರುತು ಹಾಕಿದರೂ ಕಂಡುಹಿಡಿಯುತ್ತಾರೆಂಬ ಅಂಜಿಕೆ. ಭವ್ಯಾಳ ವರ್ಗಾವಣೆ ಎಲ್ಲರ ಕಣ್ಣ ಮುಂದಿತ್ತು. ಆಗ ಬೋರಮ್ಮ ಒಂದು ಉಪಾಯ ಹೇಳಿದರು. ಚುಚ್ಚುಮದ್ದಿನ ಖಾಲಿ ಸೀಸೆಗಳ ರಬ್ಬರ್ ಬಿರಡೆ ಮತ್ತು ಅದರ ಮೇಲಿನ ತಗಡಿನ ಮುಚ್ಚಳ. ಎಲ್ಲರ ಕೈಗೂ ಎರಡೂ ಒಂದೊಂದು. ವಿಲೀನ ಬೇಡವೆನ್ನುವವರು ಬಿರಡೆಯನ್ನು, ಬೇಕೆನ್ನುವವರು ತಗಡನ್ನು ಲಸಿಕೆ ಒಯ್ಯುವ ಉಕ್ಕಿನ ಡಬ್ಬಿಯೊಳಗೆ ಹಾಕಬೇಕು. ಕೈಯಲ್ಲಿ ಉಳಿದದ್ದನ್ನು ರಾಗಿ ಹೊಟ್ಟು ತುಂಬಿದ ಕುಕ್ಕೆಯೊಳಗೆ ತೂರಿಸಬೇಕು. ಎಲ್ಲವನ್ನೂ ಕುದಿಸಿ, ಬಿಸಿಲಿಗೆ ಒಣಗಿಸಿ ತಂದಿದ್ದರು. ಡಬ್ಬಿಯ ವಿಷಯದಲ್ಲಿ ಯಾರಿಗೂ ಆಕ್ಷೇಪ ಬರಬಾರದೆಂದು ತಿಳಿಸಿಬಿಡಬೇಕು: ಅದು ಕೀಲು ಮುರಿದು ಇಲಾಖೆಯ ಲೆಕ್ಕದಿಂದ ತೆಗೆದುಹಾಕಿದ್ದ ಡಬ್ಬಿ.

ಆ ಭಾನುವಾರ ಅರವತ್ತೊಂದು ಮಂದಿ ಬಂದರು. ಎಲ್ಲರೂ ಸಂಘದ ಕಡೆಯವರೇ ಎಂದೇನೂ ಅಲ್ಲ. "ದೊಡ್ಡ ಸಂಘ ಆದ್ರೆ ದೊಡ್ಡೋರ ಹತ್ರ ಮಾತು ನಡೀತದೆ. ನಮ್ಮ ಮಾತು ಯಾರ್ ಕೇಳ್ತಾರೆ?" ಎಂದು ಅರಸೀಕೆರೆ ಕಡೆಯ ಮಹದೇವಮ್ಮ ಬಾಗಿಲಲ್ಲೇ ವಾದ ಹೂಡಿದರು. "ಅದನ್ನ ಡಬ್ಬಿಗೆ ಹೇಳು," ಎಂದರು ಕೆಂಪಲಕ್ಷ್ಮಮ್ಮ. "ಅದು ಕೇಳ್ತದೆ."

ಜಯದೇವಪ್ಪನವರೂ ಬಂದರು. ಗೇಟಿನ ಹೊರಗೆ ಸ್ಕೂಟರ್ ನಿಲ್ಲಿಸಿ, ಒಳಗೆ ಹೋಗುವವರ ಮುಖಗಳನ್ನು ನೋಡುತ್ತ ನಿಂತರು. ಹುಡುಗಿಯರು ತಲೆ ತಗ್ಗಿಸಿ ಸರಿದುಹೋಗುತ್ತಿದ್ದುದನ್ನು ಕಂಡ ಕೆಂಪಲಕ್ಷ್ಮಮ್ಮ ತಾವೇ ಹೊರಗೆ ಬಂದರು.

"ಬಿಸಿಲಲ್ಲಿ ಯಾಕೆ ನಿಂತಿದೀರಿ? ಒಳಗೆ ಬನ್ನಿ. ಒಬ್ರೇ ಅಂತ ಹೆದ್ರಬೇಡಿ, ನಿಮ್ಮ ಪಕ್ಕಾನೂ ಒಂದು ಕುರ್ಚಿ ಹಾಕಿಸಿದೀನಿ. ನಮ್ಮೆಜಮಾನ್ರು ಕೂತ್ಕೊತಾರೆ."

ಹೆಂಗಸರ ಕಡೆಯಿಂದ ನಗೆಯ ಅಲೆಯೊಂದು ಎದ್ದಿತು. ಬಾರದೆ ವಿಧಿಯಿರಲಿಲ್ಲ. ಪುಟ್ಟಸ್ವಾಮಿಯವರು ಅವರಿಗೆ ಎಳನೀರು ಕೆತ್ತಿಕೊಟ್ಟು, ಪಕ್ಕದಲ್ಲಿ ಗಂಭೀರವಾಗಿ ಕುಳಿತರು.

ಮೂಲೆಗೆ ಹಳೆಯ ಸೀರೆಯೊಂದನ್ನು ಮರೆ ಕಟ್ಟಿ, ಅದರ ಹಿಂದೆ ಡಬ್ಬಿ, ಕುಕ್ಕೆ ಎರಡನ್ನೂ ಇಟ್ಟಿದ್ದರು. ಮೊದಲು ಕರೆದದ್ದು ಭವ್ಯಾಳನ್ನು. ತಾಲ್ಲೂಕಿನ ಕೊನೆಯಿಂದ ಬಂದವಳು, ಬೇಗ ಹೊರಡಬೇಕಾದವಳು. ಅವಳು ಸೀರೆಯ ಹಿಂದೆ ಹೋದಳು. ಇಡೀ ಅಟ್ಟದ ಕೆಳಗೆ ನಿಶ್ಶಬ್ದ.

ಟಣ್.

ತಗಡಿನ ಮುಚ್ಚಳ ಡಬ್ಬಿಯ ತಳಕ್ಕೆ ಬಿದ್ದ ಸದ್ದು ಎಲ್ಲರಿಗೂ ಕೇಳಿಸಿತು. ಬಿರಡೆಯಾಗಿದ್ದರೆ ಅಷ್ಟು ಸದ್ದಾಗದು. ಹತ್ತಾರು ವರ್ಷ ಸೀಸೆ, ಬಿರಡೆಗಳೊಡನೆ ಬದುಕಿದವರಿಗೆ ಇದೊಂದು ಹೊಳೆಯದೆ ಹೋಯಿತೆಂಬುದೇ ವಿಚಿತ್ರ. ಭವ್ಯಾ ಈಚೆ ಬಂದಾಗ ಅವಳ ಮುಖದಲ್ಲಿ ರಕ್ತವಿರಲಿಲ್ಲ. ಯಾರಿಗಾಗಿ ಈ ಸಭೆ ಸೇರಿತ್ತೋ ಅವಳೇ ವಿಲೀನಕ್ಕೆ ಹಾಕಿದ್ದಳು. ಜಯದೇವಪ್ಪನವರು ನಾಲ್ಕು ಮಾರು ದೂರದಲ್ಲಿ ಕುಳಿತಿದ್ದರು. ಏಕೆ ಹಾಕಿದಳೆಂದು ಯಾರೂ ಕೇಳಬೇಕಾಗಿರಲಿಲ್ಲ.

"ಅಯ್ಯೋ ನಿನ್ನ, ನಿನ್ಗೋಸ್ಕರ..." ಎಂದು ಹಿಂದಿನ ಸಾಲಿನಲ್ಲಿ ಯಾರೋ ಬಾಯಿ ತೆರೆದರು.

"ಯಾರೂ ಮಾತಾಡಂಗಿಲ್ಲ," ಎಂದರು ಕೆಂಪಲಕ್ಷ್ಮಮ್ಮ. ಹೆರಿಗೆ ಕೋಣೆಯಿಂದ ಗಂಡಸರನ್ನು ಹೊರಗಟ್ಟುವ ದನಿ ಅದು. ಎದ್ದು ಹೋಗಿ ಡಬ್ಬಿಯನ್ನು ಎಲ್ಲರೆದುರು ತಂದು, ಬೋರಲು ಹಾಕಿ ಖಾಲಿ ಮಾಡಿದರು. ಚೀಲದಿಂದ ಹತ್ತಿಯ ಸುರುಳಿ ತೆಗೆದು, ತಳದಲ್ಲಿ ನಾಲ್ಕು ಬೆರಳು ದಪ್ಪಕ್ಕೆ ಹಾಸಿದರು. "ಮೊದ್ಲಿಂದ ಶುರು. ಭವ್ಯಾ, ಇನ್ನೊಂದು ಸತಿ ಹೋಗು."

"ಅದು ಹೇಗಾಗುತ್ತೆ ಅಕ್ಕಾವ್ರೆ?" ಜಯದೇವಪ್ಪ ಎದ್ದರು. "ಬಿದ್ದ ಮತ ಬಿದ್ದ ಹಾಗೇ. ಆ ಹುಡುಗಿ ಮನಸ್ಸು ಗೊತ್ತಾಗಿಹೋಯ್ತಲ್ಲ!"

"ಗೊತ್ತಾಗಿದ್ದಕ್ಕೇ ಅದು ಮತ ಅಲ್ಲ. ಸದ್ದು ಕೇಳಿ ಮನಸು ಎಣಿಸೋದು ನಿಮ್ಮ ಪದ್ಧತಿ. ಇಲ್ಲಿ ನಡಿಯಲ್ಲ. ಕೂತ್ಕೊಳ್ಳಿ."

"ಕುಂತ್ಕಳಿ ಸ್ವಾಮಿ," ಎಂದರು ಪುಟ್ಟಸ್ವಾಮಿ, ಅವರ ತೋಳನ್ನು ಮೆಲ್ಲಗೆ ಹಿಡಿದು. "ಎಳ್ನೀರು ಹಂಗೇ ಐತೆ."

ಭವ್ಯಾ ಕದಲಲಿಲ್ಲ. ಕೆಂಪಲಕ್ಷ್ಮಮ್ಮ ಅವಳ ಹತ್ತಿರ ಹೋಗಿ ಮೆಲ್ಲನೆ, ಆದರೆ ಎಲ್ಲರಿಗೂ ಕೇಳಿಸುವಂತೆ ಹೇಳಿದರು: "ಮಗಾ, ಈಗ್ಲೂ ಅದನ್ನೇ ಹಾಕ್ಬೇಕು ಅನ್ಸಿದ್ರೆ ಅದನ್ನೇ ಹಾಕು. ನಂಗೆ ಬೇಸ್ರ ಇಲ್ಲ. ಆದ್ರೆ ಅದು ನಿಂಗೆ ಮಾತ್ರ ಗೊತ್ತಿರ್ಬೇಕು. ಅಷ್ಟೇ."

ಹುಡುಗಿ ಹೊಸದೊಂದು ಬಿರಡೆ, ಹೊಸದೊಂದು ಮುಚ್ಚಳ ಹಿಡಿದು ಎರಡನೆಯ ಸಲ ಸೀರೆಯ ಹಿಂದೆ ಹೋದಳು. ಈ ಸಲ ಯಾವ ಸದ್ದೂ ಬರಲಿಲ್ಲ. ಅವಳು ಈಚೆ ಬಂದಾಗ ಮುಖ ನೋಡಿ ಏನನ್ನೂ ಓದಲಾಗಲಿಲ್ಲ. ಅವಳು ಯಾವುದನ್ನು ಹಾಕಿದಳೆಂಬುದು ಇಂದಿಗೂ ಯಾರಿಗೂ ತಿಳಿಯದು, ತಿಳಿಯಬೇಕಾಗಿಯೂ ಇಲ್ಲ.

ಒಬ್ಬೊಬ್ಬರಾಗಿ ಎಲ್ಲರೂ ಹೋಗಿ ಬಂದರು. ಕೊನೆಯಲ್ಲಿ ಬೋರಮ್ಮ. "ಏನ್ ಹಾಕ್ದೆ ಅಂತ ನೀನೂ ಕೇಳ್ಬೇಡ ಕಣಕ್ಕ," ಎಂದು ನಕ್ಕು ಕುಳಿತರು. ಕೆಂಪಲಕ್ಷ್ಮಮ್ಮನವರು ಮಾತ್ರ ಹಾಕಲಿಲ್ಲ. ಜೂನ್ ಮೂವತ್ತರವರೆಗೆ ಅವರು ಸದಸ್ಯೆ. ಜುಲೈ ಒಂದರಿಂದ ಅಲ್ಲ. ಹಾಕಿಬಿಡಿ ಎಂದು ಕೆಲವರು ಒತ್ತಾಯಿಸಿದರು. "ಹಕ್ಕಿಲ್ದೆ ಎತ್ಕೊಂಡವ್ರನ್ನ ಬೈಯೋಕೆ ಬಂದು ನಾನೂ ಎತ್ಕೊಳ್ಳಾ?" ಎಂದರು. ತಾವು ಕಟ್ಟಿದ ಸಂಘದ ಅಳಿವು ಉಳಿವನ್ನು ಅವರು ಕೈಕಟ್ಟಿ ನೋಡುತ್ತ ನಿಲ್ಲಬೇಕಾಯಿತು. ಬೋರಮ್ಮ ಹತ್ತಿಯೊಳಗಿಂದ ಒಂದೊಂದಾಗಿ ಹೆಕ್ಕಿ ಎಣಿಸಿದರು.

ತಗಡು ಹದಿನೈದು. ಬಿರಡೆ ನಲವತ್ತಾರು. ವಿಲೀನಕ್ಕೆ ಬೇಕಾದದ್ದು ಮೂರರಲ್ಲಿ ಎರಡು ಪಾಲು. ಬಂದದ್ದು ಕಾಲು ಪಾಲು. ಬೋರಮ್ಮ ಅಂಕಿಗಳನ್ನು ಓದಿದರು. ಅಭ್ಯಾಸಬಲದಿಂದ ಒಂದಿಬ್ಬರು ಕೈ ಮೇಲೆತ್ತಿದರು.

"ತಟ್ಬೇಡಿ!" ಎಂದರು ಕೆಂಪಲಕ್ಷ್ಮಮ್ಮ. ಎತ್ತಿದ ಕೈಗಳು ಮಡಿಲಿಗಿಳಿದವು, ಮಿಕ್ಕವು ಮಡಿಲಲ್ಲೇ ಉಳಿದವು. ಅಟ್ಟದ ಮೇಲೆ ಕಾಯಿಯೊಂದು ಉರುಳಿ ಗೋಡೆಗೆ ಬಡಿದ ಸದ್ದು ಮಾತ್ರ ಕೇಳಿಸಿತು. ಆ ಮೌನ ಯಾವ ಚಪ್ಪಾಳೆಗೂ ಕಡಿಮೆಯದಾಗಿರಲಿಲ್ಲ.

"ಬಿರಡೆ ಎಣಿಸಿ ಸಂಘ ನಡೆಸ್ತೀರಾ?" ಎಂದು ಜಯದೇವಪ್ಪ ಸ್ಕೂಟರ್ ಹತ್ತಿದರು. "ಇದನ್ನ ಯಾರೂ ಮತ ಅನ್ನಲ್ಲ."

"ನಿಯಮದಲ್ಲಿ ಗುಟ್ಟು ಅಂತೈತೆ, ಕಾಗದ ಅಂತಿಲ್ಲ," ಎಂದರು ಬೋರಮ್ಮ. ಸ್ಕೂಟರಿನ ಸದ್ದಿನಲ್ಲಿ ಅದು ಅವರಿಗೆ ಕೇಳಿಸಿತೋ ಇಲ್ಲವೋ.

ಫಲಿತಾಂಶವನ್ನು ಒಕ್ಕೂಟಕ್ಕೆ ಅಂಚೆಯಲ್ಲಿ ಕಳಿಸಲಾಯಿತು. ಉತ್ತರ ಬರಲಿಲ್ಲ. ನೆನಪೋಲೆಗೂ ಬರಲಿಲ್ಲ. ಅಕ್ಟೋಬರಿನಲ್ಲಿ ಇನ್ನೊಬ್ಬ ಸಹಾಯಕಿಗೆ ವಿಚಾರಣೆಯ ಕರೆ ಬಂದಾಗ, ಕೋಣೆಯಲ್ಲಿ ಒಂದೇ ಕುರ್ಚಿ ಇರುತ್ತದೆಂದು ಒಕ್ಕೂಟದ ಕಡೆಯಿಂದ ಹೇಳಿಕೆ ಬಂತು.

ಆ ಬೆಳಿಗ್ಗೆ ಬೇಲೂರಿನ ಬಸ್ಸು ಹತ್ತಿದ ಕೆಂಪಲಕ್ಷ್ಮಮ್ಮನವರ ಕೈಯಲ್ಲಿ ಮನೆಯ ಮಡಿಸುವ ಕಬ್ಬಿಣದ ಕುರ್ಚಿಯಿತ್ತು.

"ಅಮ್ಮಾ, ಕುರ್ಚಿಗೂ ಟಿಕೆಟ್ ತಗೋಬೇಕಾಯ್ತದೆ," ಎಂದ ನಿರ್ವಾಹಕ.

"ಹರೀಪ್ಪ. ಟಿಕೆಟ್ ತಗೊಂಡೋರ್ಗೆ ಕೂರೋ ಹಕ್ಕು ಐತಲ್ಲ, ಅಷ್ಟು ಸಾಕು."

ಬೇಲೂರಿನ ನಿಲ್ದಾಣದಲ್ಲಿ ಬೋರಮ್ಮ ಕಾದಿದ್ದರು. ಇಬ್ಬರೂ ಕುರ್ಚಿಯನ್ನು ಎರಡು ಕಡೆ ಹಿಡಿದು ಕಚೇರಿಯವರೆಗೆ ನಡೆದರು. ಒಳಗೆ ಹೋಗುವ ಹಕ್ಕು ಬೋರಮ್ಮನದು. ಕೆಂಪಲಕ್ಷ್ಮಮ್ಮ ಬಾಗಿಲವರೆಗೆ ತಂದು ಬಿಟ್ಟರು. ಕುರ್ಚಿ ಬಿಡಿಸಿದ ಸದ್ದಿಗೆ ಅಧಿಕಾರಿ ತಲೆಯೆತ್ತಿ ನೋಡಿದರು; ಏನೋ ಹೇಳಹೊರಟು, ಹೇಳದೆ, ಕಾಗದ ತಿರುವಿದರು. ಬೋರಮ್ಮ ಕುಳಿತರು. ಅಲ್ಲಿಂದೀಚೆಗೆ ಆ ಕುರ್ಚಿ ಎರಡೂ ತಾಲ್ಲೂಕುಗಳಲ್ಲಿ ಬಸ್ಸಿನಲ್ಲಿ ಓಡಾಡುತ್ತಿದೆ.

ಇನ್ನು ಮುಂದಿನ ಮಾತು ಆರೋಗ್ಯ ನೌಕರರ ಒಕ್ಕೂಟದ ಅಧ್ಯಕ್ಷರಿಗೆ, ಪ್ರಧಾನ ಕಾರ್ಯದರ್ಶಿಗಳಿಗೆ, ಮತ್ತು ಜೂನ್ ಮೂವತ್ತರಂದು ಆ ವೇದಿಕೆಯ ಮೇಲೆ ಕುಳಿತು ಎಲ್ಲವನ್ನೂ ಬಲ್ಲವರಾಗಿಯೂ ಸುಮ್ಮನಿದ್ದ ಮಹನೀಯರಿಗೆ. ಅಂದಿನ ನಡವಳಿಯಲ್ಲಿ ನೀವು ಬರೆದುಕೊಂಡಿರುವ ಸರ್ವಾನುಮತ ಎಂಬ ಮಾತು ಅಸತ್ಯ. ಅದನ್ನು ಹೊಡೆದುಹಾಕಿ, ಹೊಡೆದುಹಾಕಿದ್ದೇವೆಂದು ನಿಮ್ಮ ಸಭೆಯಲ್ಲಿ ಓದಿ ಹೇಳಿ. ಭವ್ಯಾ ಎಂಬ ಸಹಾಯಕಿಯಿಂದ ಒಂಟಿಯಾಗಿ ಕೂರಿಸಿ ಪಡೆದ ಹೇಳಿಕೆಯನ್ನು ರದ್ದುಗೊಳಿಸಿ, ಅವಳ ಪಕ್ಕದಲ್ಲಿ ಒಬ್ಬರನ್ನು ಕೂರಿಸಿ ಮತ್ತೆ ವಿಚಾರಣೆ ನಡೆಸುವಂತೆ ಇಲಾಖೆಗೆ ನೀವೇ ಬರೆಯಿರಿ. ಮೇಜಿನ ಆಚೆ ಕುಳಿತವರು ನೀವೇ ಆದ್ದರಿಂದ ಆ ಕೆಲಸ ನಿಮ್ಮದೇ. ನಿಮ್ಮ ಗೋಡೆಯ ಮೇಲಿನ ಛಾಯಾಚಿತ್ರವನ್ನು ಇಳಿಸಿ. ಆ ಕೈಗಳನ್ನು ಜೋಡಿಸಿದ್ದು ನಿಮಗಲ್ಲ, ಎಡಗಡೆಯ ಸಾಲುಗಳ ನರ್ಸಮ್ಮಂದಿರಿಗೆ.

ಶಾಲು ನಿಮ್ಮ ಮೇಜಿನ ಮೇಲಿದೆ. ಚಪ್ಪಾಳೆಯನ್ನು ಹಿಂತಿರುಗಿಸಿ.